ಜನರಲ್‌ನ ಪ್ರಾಣ ಉಳಿಸಿದ ಕ್ಷೌರಿಕ

ಕ್ಷೌರದಂಗಡಿಯಲ್ಲಿ ಹೇಳಿದ ಸುಳ್ಳಿಗೆ ಯಾರೂ ಸಾಕ್ಷಿ ಕೇಳುವುದಿಲ್ಲ ಎಂದು ಎಲ್ಕಾನಾ ಪೂಲ್ ಹದಿನೈದು ವರ್ಷ ನಂಬಿಕೊಂಡಿದ್ದ. "ಯುದ್ಧದಲ್ಲಿ ಜನರಲ್ ಹಾರ್ಲೋ ಅವರ ಪ್ರಾಣ ಉಳಿಸಿದ್ದು ನಾನೇ" ಎಂದು ಓಹಾಯೋದ ಆ ಪುಟ್ಟ ಊರಿನ ಪ್ರತಿ ಗಡ್ಡಕ್ಕೂ ಹೇಳಿದ್ದ. ಆ ಊರಲ್ಲೇ ಹುಟ್ಟಿ ಬೆಳೆದಿದ್ದ ಅದೇ ಹಾರ್ಲೋ ಈಗ ಅಮೆರಿಕದ ಅಧ್ಯಕ್ಷ ಪದವಿಗೆ ನಿಂತಿದ್ದರು. ಅವರ ಬಾಲ್ಯ, ಸೈನಿಕ ಜೀವನ ಕುರಿತು ಪುಸ್ತಕ ಬರೆಯಲು ಪಕ್ಷದ ಕ್ರೇನ್ ಎಂಬಾತ ಬೆಳಗಿನ ರೈಲಿಗೆ ಬಂದಿಳಿದ.

ಎಲ್ಕಾನಾ ಹಿಂಬಾಗಿಲಿಂದ ಜಾರುವಷ್ಟರಲ್ಲಿ ಪಕ್ಕದ ಮನೆಯ ಡಾರ್ಕಸ್ ಅಡ್ಡ ನಿಂತಳು.

"ಎಲ್ಲಿಗಯ್ಯಾ ಹೊರಟೆ? ಬರೆಯೋರು ಬಂದಿದಾರೆ!"

"ಹೊಟ್ಟೆನೋವು ಕಣಮ್ಮಾ."

"ಗುಂಡಿಗೆ ಹೆದರದೋನು ಹೊಟ್ಟೆನೋವಿಗೆ ಹೆದರ್ತೀಯಾ?" ಎನ್ನುತ್ತ ಕಮ್ಮಾರ ಜೂಬಲ್ ಅವನ ರಟ್ಟೆ ಹಿಡಿದು, ಲಾಳ ಹೊಡೆಯಲು ಹೇಸರಗತ್ತೆ ಎಳೆದಂತೆ ಕ್ರೇನ್ ಇಳಿದುಕೊಂಡಿದ್ದ ಹೋಟೆಲಿಗೆ ಎಳೆದೊಯ್ದ.

ಅಲ್ಲಿ ಡಾರ್ಕಸಳದೇ ಮೊದಲ ಮಾತು. "ಬರ್ಕೊಳ್ಳಿ ಸ್ವಾಮಿ, ನಮ್ಮ ಹಾರ್ಲೋ ಆರನೇ ವರ್ಷಕ್ಕೇ ಕರಡಿ ಓಡಿಸಿದ ಗಂಡು!" ಆ ಕರಡಿ ಅವಳಪ್ಪ ಸಾಕಿದ್ದ ಹಂದಿಯೆಂದು ಊರಿಗೆಲ್ಲ ಗೊತ್ತು. ಆದರೂ ಎಲ್ಲರೂ ಹೌದೆಂದು ತಲೆಯಾಡಿಸಿದರು.

ಕ್ರೇನ್ ಎಲ್ಕಾನಾನ ಮುಂದೆ ಬೈಬಲ್ ಇಟ್ಟ. "ಇದರ ಮೇಲೆ ಕೈಯಿಟ್ಟು ನಿಮ್ಮ ಕತೆ ಹೇಳಿ."

ಎಲ್ಕಾನಾ ಕೈ ಹಿಂದಕ್ಕೆಳೆದುಕೊಂಡ. ಸುಳ್ಳಾಣೆಗೆ ನರಕ, ನಿಜ ಹೇಳಿದರೆ ಇಡೀ ಊರಿನ ನಗು.

"ನಾವಿಬ್ರೇ ಮಾತಾಡೋಣ" ಎಂದು ಗೋಗರೆದ.

ಎಲ್ಲರೂ ಹೊರಹೋಗಿ ಬಾಗಿಲು ಮುಚ್ಚಿದ್ದೇ ತಡ, "ಎಲ್ಲಾ ಸುಳ್ಳು ಸ್ವಾಮಿ! ಮೊದಲ ಗುಂಡಿನ ಸದ್ದಿಗೇ ಓಡಿಹೋದೆ. ಕಾಡೊಳಗೆ ಒಂದು ಟೊಳ್ಳು ಮರ ಇತ್ತು, ಅದಕ್ಕೆ ನುಗ್ಗಿದೆ" ಎಂದ.

"ಜನರಲ್‌ನ ನೋಡಲೇ ಇಲ್ವಾ?"

"ನೋಡಿದೆ. ಆ ಮರದೊಳಗೆ ನನಗಿಂತ ಮುಂಚೆ ಅವರಿದ್ರು. 'ಜಾಗ ಇಲ್ಲ, ಬೇರೆ ಮರ ನೋಡ್ಕೋ' ಅಂತ ಒದ್ರು."

ಕ್ರೇನ್ ಬಿಳಿಚಿಕೊಂಡ. ಬೈಬಲನ್ನು ಮೆಲ್ಲಗೆ ಚೀಲಕ್ಕೆ ಸೇರಿಸಿದ.

"ಆ ಕಾಡಲ್ಲಿ ಅಂಥ ಮರ ಇರಲಿಲ್ಲ, ಪೂಲ್. ಗಾಯಗೊಂಡ ಜನರಲ್‌ನ ನೀವು ಬೆನ್ನ ಮೇಲೆ ಹೊತ್ಕೊಂಡು ಬಂದ್ರಿ. ಹಾಗಂತ ಅಚ್ಚಾಗುತ್ತೆ. ಬೇಡ ಅಂದ್ರೆ, ಓಡಿಹೋದ ಸಿಪಾಯಿ ಅಂತ ನಿಮ್ಮೊಬ್ಬರ ಹೆಸರೇ ಪತ್ರಿಕೇಲಿ ಬರುತ್ತೆ."

ಎಲ್ಕಾನಾನಿಗೆ ಹೋದ ಜೀವ ಬಂತು. "ಅಷ್ಟೇನಾ ಸ್ವಾಮಿ?"

"ಅಷ್ಟೇ. ನಾಲ್ಕು ಗಂಟೆಗೆ ಜನರಲ್ ಬರ್ತಾರೆ. ಜನರ ಮುಂದೆ ಒಂದ್ಸಲ ಹೊತ್ತು ತೋರಿಸಿ."

ನಾಲ್ಕಕ್ಕೆ ರೈಲು ನಿಂತಿತು, ಬ್ಯಾಂಡು ಮೊಳಗಿತು. ಬೋಗಿಯ ಬಾಗಿಲಲ್ಲಿ ಜನರಲ್ ಹಾರ್ಲೋ ಕಾಣಿಸಿಕೊಂಡರು. ಮೊದಲು ಹೊಟ್ಟೆ, ಸ್ವಲ್ಪ ಹೊತ್ತಾದ ಮೇಲೆ ಮುಖ. ಹಿಂದಿನಿಂದ ಇಬ್ಬರು ನೂಕಿ ಅವರನ್ನು ಎಲ್ಕಾನಾನ ಬೆನ್ನಿಗೇರಿಸಿದರು. ಒಳಗೆಲ್ಲೋ ಮೂಳೆಯೊಂದು ಲಟಕ್ಕೆಂದಿತು. ಊರು ಕುಣಿದಾಡಿತು.

"ಬೀಳಬೇಡಿ" ಎಂದು ಕ್ರೇನ್ ಕಿವಿಯಲ್ಲಿ ಉಸುರಿದ. "ಹಾಗೇ ರೈಲು ಹತ್ತಿ. ಪ್ರಚಾರಕ್ಕೆ ಇನ್ನೂ ನಲವತ್ತು ಊರಿದೆ."