ಮಾತಾಡದ ಫಾರಂ

ಎಲ್ಲಕ್ಕೂ ಕಾರಣ ಬರೆಯದೇ ಬಿಟ್ಟ ಒಂದು ಸಾಲು. ಕಚೇರಿಯವರೆಲ್ಲ ಗುಂಡಿರಾಯ ಎಂದು ಕರೆಯುತ್ತಿದ್ದ ಪ್ರೋಗ್ರಾಮರ್ ತಲೆ ನರೆಯುವವರೆಗೂ ಹಳೇ ಕಾಲದ ಪ್ರೋಗ್ರಾಂ ಬರೆದವನು. ಗುಂಡಿ ಒತ್ತಿದರೆ ಪರದೆಯ ಅದೇ ಕಿಟಕಿಯಲ್ಲಿ ತಟ್ಟನೆ ಉತ್ತರ. ಅವನಿಗೆ ಗೊತ್ತಿದ್ದ ಲೋಕ ಅಷ್ಟೇ. ಅಂಥವನ ತಲೆಗೆ ಮ್ಯಾನೇಜರು ರಜೆ ಅರ್ಜಿಯ ವೆಬ್ ಫಾರಂ ಬರೆಯುವ ಕೆಲಸ ಕಟ್ಟಿದರು. ಹೇಗೋ ಬರೆದು ಮುಗಿಸಿದ. ಇನ್ನು ಮೇಲೆ ರಜೆ ಬೇಕಾದವರು ಅದರಲ್ಲೇ ಕೇಳಬೇಕೆಂದು ಆಜ್ಞೆಯೂ ಆಯಿತು.

ಮೊದಲು ಬೇಕಾದದ್ದು ಅವನಿಗೇ. ಮರುದಿನ ಹೆಂಡತಿಗೆ ಹೊಟ್ಟೆಯ ಆಪರೇಷನ್. "ಕಣ್ಣು ಬಿಟ್ಟಾಗ ನೀವು ಎದುರಿಗಿರ್ಬೇಕು" ಎಂದು ಬೆಳಿಗ್ಗೆ ಕೈ ಹಿಡಿದು ಕೇಳಿದ್ದಳು. ಅವಳಿಗಿಂತ ಅವನಿಗೇ ಹೆದರಿಕೆ.

'ಹೆಂಡತಿಯ ಆಪರೇಷನ್' ಎಂದು ತುಂಬಿ ಗುಂಡಿ ಒತ್ತಿದ. ಪುಟ ಒಮ್ಮೆ ಬೆಳ್ಳಗಾಗಿ, ಏನೂ ಅರಿಯದವರ ಹಾಗೆ ಖಾಲಿ ಫಾರಂ ಬಂದು ನಿಂತಿತು.

"ಹೋಗ್ಲಿಲ್ಲ ಕಣ್ರೀ," ಎಂದಳು ಪಕ್ಕದ ಕುರ್ಚಿಯ ಲೆಕ್ಕದಾಕೆ, ಬಗ್ಗಿ ನೋಡಿ. "ಕಾರಣ ಉದ್ದ ಆಯ್ತೇನೋ. ಚಿಕ್ಕದಾಗಿ ಜ್ವರ ಅಂತ ಹಾಕಿ."

ಹಾಕಿದ. ಮತ್ತೆ ಅದೇ ಬಿಳಿ, ಅದೇ ಖಾಲಿ.

"ಜ್ವರಕ್ಕೆಲ್ಲ ಯಾರ್ರೀ ರಜೆ ಕೊಡ್ತಾರೆ?" ಹಿಂದಿನಿಂದ ಗುಮಾಸ್ತ ತಲೆ ತೂರಿಸಿದ. "ಕಾಲು ಮುರೀತು ಅನ್ನಿ."

ಕಾಲೂ ಮುರಿಯಿತು. ಫಾರಂ ಬಾಯಿ ಬಿಡಲಿಲ್ಲ.

ಊಟದ ಹೊತ್ತಿಗೆ ಅರ್ಧ ಕಚೇರಿ ಅವನ ಬೆನ್ನ ಹಿಂದಿತ್ತು. "ಅತ್ತೆ ತೀರಿಕೊಂಡ್ರು ಅಂತ ಬರೀರಿ," ಎಂದ ಗುಮಾಸ್ತ. "ಹೆಂಗೂ ಹೋಗ್ತಿಲ್ವಲ್ಲ, ಏನಾಗುತ್ತೆ?" ಅತ್ತೆ ಮಗಳ ಆರೈಕೆಗೆಂದು ಬಂದು ಮನೆಯಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದರು. ಪಾಪ, ಮನಸ್ಸಿನಲ್ಲೇ ಅವರ ಕ್ಷಮೆ ಕೇಳಿಕೊಂಡ. ಹಾಗೇ ಬರೆದು ಒತ್ತಿದ.

ಅರ್ಧ ಗಂಟೆ ಕಳೆದ ಮೇಲೆ ಸರ್ವರ್ ಕಂಪ್ಯೂಟರ್ ನೋಡಿಕೊಳ್ಳುವಾಕೆ ಊಟ ಮುಗಿಸಿ ಬಂದಳು. ತನ್ನ ಪರದೆ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ, ಎಲ್ಲಾ ಮ್ಯಾನೇಜರಿಗೆ ಹೋಗಿದೆ ಸಾರ್! ನಿಮ್ಮ ಹಳೇ ಪ್ರೋಗ್ರಾಂ ಥರ ಅಲ್ಲ ಇದು. ಒತ್ತಿದಾಗಲೆಲ್ಲ ಫಾರಂ ಸರ್ವರ್‌ಗೆ ಹೋಗುತ್ತೆ, ಅದು ಹೊಸ ಪುಟ ಕಳಿಸುತ್ತೆ. ಅರ್ಜಿ ಬಂತು ಅಂತ ಆ ಪುಟದಲ್ಲಿ ತೋರಿಸು ಅನ್ನೋದನ್ನ ನೀವು ಬರೆದೇ ಇಲ್ಲ. ಅದು ಹ್ಯಾಗೆ ಹೇಳುತ್ತೆ?"

ಸಲಹೆ ಕೊಟ್ಟವರೆಲ್ಲ ಆಗಲೇ ತಂತಮ್ಮ ಕುರ್ಚಿ ಸೇರಿ ಭಾರಿ ಕೆಲಸದಲ್ಲಿದ್ದರು. ಗುಂಡಿರಾಯ ಎದ್ದೆನೋ ಬಿದ್ದೆನೋ ಎಂದು ಮ್ಯಾನೇಜರ ಕೋಣೆಗೆ ಓಡಿದ.

"ಸಾರ್, ಮೊದಲನೇದೊಂದೇ ನಿಜ... ಮಿಕ್ಕಿದ್ದೆಲ್ಲ..."

"ಗಾಬರಿಯಾಗ್ಬೇಡಿ. ಮೊದಲನೇದು ಬಂದ ಕೂಡಲೇ ರಜೆ ಕೊಟ್ಟಾಯ್ತು. ನಾಳೆ ಪೂರ್ತಿ ಆಸ್ಪತ್ರೆಯಲ್ಲೇ ಇರಿ."

ಹೋದ ಜೀವ ಬಂದಂತಾಯಿತು. ಗುಂಡಿರಾಯ ಕೈಮುಗಿದ.

"ಆದ್ರೆ ಕೊನೇದು ನೋಡಿ ಮನಸ್ಸು ತಡೀಲಿಲ್ಲ ಕಣ್ರೀ," ಮ್ಯಾನೇಜರು ದನಿ ತಗ್ಗಿಸಿದರು. "ಸಂತಾಪ ಹೇಳೋಣ ಅಂತ ನಿಮ್ಮ ಮನೆಗೆ ಫೋನ್ ಮಾಡ್ದೆ. ನಿಮ್ಮ ಅತ್ತೆಯವರೇ ಎತ್ತಿದ್ರು."

ಜೇಬಿನಲ್ಲಿ ಫೋನು ಸದ್ದು ಮಾಡಿತು. ಹೆಂಡತಿಯ ಸಂದೇಶ. "ಅಮ್ಮ ಆಗ್ಲಿಂದ ಅಳ್ತಿದ್ದಾರೆ. ನಾಳೆ ನೀವು ಆಸ್ಪತ್ರೆ ಕಡೆ ಬರೋದೇ ಬೇಡ."

ಸಿಕ್ಕ ರಜೆ ಇಟ್ಟುಕೊಂಡು ಎಲ್ಲಿಗೆ ಹೋಗುವುದೆಂದು ತಿಳಿಯದೆ ಗುಂಡಿರಾಯ ಅಲ್ಲೇ ನಿಂತ.