ಅತ್ತೆ ಕುಡಿಸಿದ ದಾಸವಾಳದ ಕಷಾಯ

ಆಗ ನನಗೆ ಇಪ್ಪತ್ತೆರಡು. ಅದಾಗಿ ಐವತ್ತು ವರ್ಷ ಮೇಲಾಯಿತು. ಈಗ ನನ್ನ ಮೊಮ್ಮಗಳು ಪತ್ರಿಕೆಯಲ್ಲಿ ಓದಿ, ದಾಸವಾಳದ ಕಷಾಯ ಮೈಗೆ ಬಹಳ ಒಳ್ಳೆಯದಂತೆ ಎನ್ನುತ್ತಾಳೆ. ಯಾವ ಮೈಗೆ, ಯಾತಕ್ಕೆ ಒಳ್ಳೆಯದು ಎಂದು ಕೇಳದೆ ಕುಡಿಯಬಾರದು. ಇದನ್ನು ನಾನು ಮೂರು ವರ್ಷ ಕುಡಿದು ಕಲಿತೆ.

ಸುಗಟೂರಿನ ನಮ್ಮ ಹಿತ್ತಲಲ್ಲಿ ಕೆಂಪು ದಾಸವಾಳವಿತ್ತು. ಹೂವು ದೇವರಿಗೆ, ಎಲೆ ನಮ್ಮ ತಲೆಗೆ, ಚಿಗುರು ದೋಸೆ ಹಿಟ್ಟಿಗೆ. ಯುದ್ಧ ಬಂದು ಕಾಫಿಪುಡಿ ಸಿಗದಾದಾಗ ಮಿಕ್ಕ ಹೂವೆಲ್ಲ ಕಷಾಯವಾಯಿತು. ಕುದಿಸಿದರೆ ನೇರಳೆ, ನಿಂಬೆ ಹಿಂಡಿದರೆ ಕೆಂಪು. ಬೆಲ್ಲ ಹಾಕಿದರೆ ಕುಡಿಯಬಹುದು, ಹಾಕದಿದ್ದರೆ ಗೋಣಿ ನೆನೆಸಿದ ನೀರು. ನನಗೆ ಮಕ್ಕಳಾಗಿರಲಿಲ್ಲ. ಅತ್ತೆಯ ಎಂಟನೆಯದು ಇನ್ನೂ ಮೊಲೆ ಬಿಟ್ಟಿರಲಿಲ್ಲ. "ನಿಂಗೆ ಗರ್ಭದಲ್ಲಿ ಉಷ್ಣ ಕಣೇ, ಅದಕ್ಕೇ ನಿಲ್ತಿಲ್ಲ, ಕುಡಿ" ಎಂದು ದಿನಾ ಖಾಲಿ ಹೊಟ್ಟೆಗೆ ಒಂದು ಲೋಟ ಕುಡಿಸುತ್ತಿದ್ದರು. ಕುಡಿದ ಮೇಲೆ ಲೋಟ ಬೋರಲು ಹಾಕಿ ತೋರಿಸಬೇಕು. ಮೂರು ವರ್ಷದಲ್ಲಿ ಕೂದಲು ಮೊಣಕಾಲು ಮುಟ್ಟಿತು. ಹೊಟ್ಟೆ ಬೆನ್ನಿಗೆ ಅಂಟಿಕೊಂಡೇ ಇತ್ತು. ಕೊನೆಗೆ ಅತ್ತೆ ಮಗನಿಗೆ ಇನ್ನೊಂದು ಮದುವೆ ಮಾಡಲು ನಿಶ್ಚಯಿಸಿದರು. ಹೆಣ್ಣು ದೇವರಾಯಸಮುದ್ರದ್ದು, ನೋಡಲು ಹೊರಡುವುದು ಶುಕ್ರವಾರ. ನನ್ನ ಗಂಡ ಒಳ್ಳೆಯವನೇ. ಅಮ್ಮ ಹೇಳಿದರೆ ಬಾವಿಗೂ ಇಳಿಯುತ್ತಿದ್ದ. ಅಂಗಿಯನ್ನು ತಾನೇ ಒಗೆದು ಒಣಹಾಕಿದ.

ಗುರುವಾರ ಬೆಳಗ್ಗೆ ವಕ್ಕಲೇರಿಯ ಸೂಲಗಿತ್ತಿ ಮುನೆಕ್ಕ ಅತ್ತೆಯ ಒಂಬತ್ತನೆಯ ಮಗುವಿಗೆ ಎಣ್ಣೆ ತಿಕ್ಕಲು ಬಂದವಳು ನನ್ನ ಕೈಯ ಲೋಟ ಮೂಸಿದಳು.

"ಏಮಮ್ಮಾ ಇದಿ? ಏನಿದು, ಯಾರಿಗೆ ಇದು?"

"ಸೊಸೆಗೆ. ಮಕ್ಕಳಾಗ್ಲಿ ಅಂತ" ಎಂದರು ಅತ್ತೆ.

ಮುನೆಕ್ಕ ಎಣ್ಣೆ ಕೈಯಲ್ಲೇ ಹಣೆ ಚಚ್ಚಿಕೊಂಡಳು. "ಅಯ್ಯೋ ನಿಮ್ಮ! ಮಕ್ಕಳು ಸಾಕು ಅಂದೋರಿಗೆ ನಾನು ಕೊಡೋದೇ ಇದನ್ನ! ನೀವೇ ಬಾಗ್ಲು ಹಾಕ್ಕೊಂಡು, ಯಾರೂ ಬರ್ತಿಲ್ಲ ಅಂತ ಅಳ್ತೀರಲ್ಲಮ್ಮಾ!"

"ದೇವರ ಹೂವು ಹಂಗೆ ಮಾಡ್ತದಾ?"

"ದೇವ್ರಿಗೇನು, ಹೆರೋರು ನಾವು."

ಮುನೆಕ್ಕ ಹೇಳಿದ್ದು ನಿಜವೋ ಸುಳ್ಳೋ ನನಗೆ ಇವತ್ತಿಗೂ ತಿಳಿಯದು. ಆದರೆ ಅವಳ ಬಾಯಿಂದ ಹತ್ತು ಊರಿಗೆ ಸುದ್ದಿ ಹೋಗುತ್ತದೆಂಬ ಭಯಕ್ಕೆ ಅತ್ತೆ ಹೆಣ್ಣು ನೋಡುವುದನ್ನು ಅಲ್ಲಿಗೇ ನಿಲ್ಲಿಸಿದರು. ಗಂಡ ಅಂಗಿ ಮಡಚಿಟ್ಟ.

ಮರುದಿನ ಬೆಳಗ್ಗೆ ನಾನೇ ಹತ್ತು ಹೂವು ಕಿತ್ತು, ಕುದಿಸಿ, ನಿಂಬೆ ಹಿಂಡಿ, ಲೋಟವನ್ನು ಅತ್ತೆಯ ಮುಂದಿಟ್ಟು, "ಇನ್ಮೇಲೆ ಇದು ನಿಮಗೆ, ಅತ್ತೆಮ್ಮ" ಎಂದೆ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೊಟ್ಟಿಗೆಯ ಹಿಂದೆ ನಿಂತು ನಾನೇ ಕುಡಿದೆ. ನಾಲಿಗೆಗೆ ರುಚಿ ಹತ್ತಿಬಿಟ್ಟಿತ್ತು, ಹಾಳಾದ್ದು.