ಎರಡು ಸೀಟಿನ ಗಾಡಿ ಮತ್ತು ಕುಬಸದ ಬುತ್ತಿ

ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ದಿನಬಳಕೆಗೆ ಎರಡೇ ಸೀಟಿನ ಸ್ಪೋರ್ಟ್ಸ್ ಕಾರು ಇಟ್ಟುಕೊಂಡಿರುವ ಮನುಷ್ಯ. ವಯಸ್ಸು ಐವತ್ತೆಂಟು, ಕಸುಬು ಸೀರೆ ವ್ಯಾಪಾರ, ಊರು ಬಾಗಲಕೋಟೆ. ಕೊನೆಯ ಮೂರು ಸಂಗತಿಗಳು ಒಂದಕ್ಕೊಂದು ಚೆನ್ನಾಗಿ ಒಪ್ಪುತ್ತವೆ. ಮೊದಲನೆಯದನ್ನು ಅವುಗಳ ಪಕ್ಕ ಇಟ್ಟ ಕೂಡಲೇ ಜನ ನಿಂತು ನೋಡುತ್ತಾರೆ. ಅರಿಸಿನದ ಬಣ್ಣದ ಗಾಡಿ, ಬೇಕಾದಾಗ ಮಡಚಿಡಬಹುದಾದ ಬಟ್ಟೆಯ ಛಾವಣಿ, ನೆಲದಿಂದ ಗೇಣೆತ್ತರದ ಹೊಟ್ಟೆ. ಪುಣೆಯ ವೈದ್ಯರೊಬ್ಬರು ಬೆನ್ನುನೋವಿನ ಕಾರಣದಿಂದ ಮಾರುತ್ತಿದ್ದೇನೆಂದು ಹೇಳಿ ನನಗೆ ಕೊಟ್ಟರು. ಡಾಕ್ಟರರಾಗಿ ಇಷ್ಟು ಸಣ್ಣ ನೋವಿಗೆ ಸೋತರಲ್ಲ ಎಂದು ಅವರ ಬಗ್ಗೆ ಮರುಕಪಟ್ಟು ಗಾಡಿ ಹೊಡೆದುಕೊಂಡು ಬಂದೆ. ಸೊಲ್ಲಾಪುರ ದಾಟುವಷ್ಟರಲ್ಲಿ ಅವರ ಮೇಲೆ ನನಗೆ ಹೆಚ್ಚಿನ ಗೌರವ ಹುಟ್ಟಿತ್ತು.

ಆದರೆ ಈ ಗಾಡಿಯ ಗುಣಗಳನ್ನು ಹೇಳದಿದ್ದರೆ ನನ್ನ ನಾಲಗೆಗೆ ಸಮಾಧಾನವಿಲ್ಲ. ಸೀರೆ ವ್ಯಾಪಾರಿಗೆ ಇಂಥ ವಾಹನ ಇನ್ನೊಂದಿಲ್ಲ. ಇದರ ಡಿಕ್ಕಿ ಚೌಕವೂ ಅಲ್ಲ, ದುಂಡೂ ಅಲ್ಲ. ಪೆಟ್ಟಿಗೆ ಇಡಲು ಹೋದರೆ ಹಿಡಿಯುವುದಿಲ್ಲ. ಸೀರೆಯಾದರೋ ಮೂಲೆ ಇದ್ದಲ್ಲಿ ಮೂಲೆಯಾಗಿ, ತಗ್ಗು ಇದ್ದಲ್ಲಿ ತಗ್ಗಾಗಿ ಕೂತುಬಿಡುತ್ತದೆ. ಹುನಗುಂದದ ಮೇಲೆ ಹಾದು ಇಳಕಲ್ಲಿಗೆ ಹೋಗಿ, ನೇಕಾರರ ಮನೆಗಳ ಮುಂದೆ ನಿಲ್ಲಿಸಿ, ಮಧ್ಯಾಹ್ನದ ಊಟಕ್ಕೆ ವಾಪಸು ಬರುತ್ತೇನೆ. ಮೊದಲ ದಿನ ಅಲ್ಲಿಯ ನೇಕಾರರೊಬ್ಬರು ಮಗ್ಗದಿಂದ ಎದ್ದು ಬಂದು, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಗಂಭೀರವಾಗಿ ಹೇಳಿದರು: "ಚಲೋ ಐತ್ರಿ ಸಾವ್ಕಾರ್ರ. ಆದ್ರ ಬರೇ ಸೆರಗ ನೇಯ್ದು ಒಡಲ ಬಿಟ್ಟಾರ." ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾನು ಆ ಕಂಪನಿಯ ಬಣ್ಣದ ಪುಸ್ತಕದಲ್ಲೂ ಓದಲಿಲ್ಲ. ಹತ್ತುವುದು, ಇಳಿಯುವುದು ಮಾತ್ರ ಒಂದು ವಿಧಿ. ಹತ್ತುವಾಗ ಮೊದಲು ಕುಳಿತುಕೊಳ್ಳುವ ಭಾಗವನ್ನು ಒಳಗೆ ಅರ್ಪಿಸಿ, ಆಮೇಲೆ ಕಾಲುಗಳನ್ನು ಒಂದೊಂದಾಗಿ ಆಮದು ಮಾಡಿಕೊಳ್ಳಬೇಕು. ಇಳಿಯುವಾಗ ಅಂಗಡಿಯ ಇಬ್ಬರು ಕೈ ಹಿಡಿದರೆ ಅನುಕೂಲ. ರಸ್ತೆಯಲ್ಲಿ ಎದುರಾಗುವ ಆಡುಗಳು ಇಲ್ಲಿಯವರೆಗೆ ನನ್ನನ್ನು ಕೆಳಗಿನಿಂದ ನೋಡುತ್ತಿದ್ದವು. ಈಗ ಸಮಾನ ನೆಲೆಯಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತವೆ. ಅವುಗಳ ದೃಷ್ಟಿಯಲ್ಲಿ ಸ್ವಲ್ಪ ಸಲಿಗೆಯೂ ಬಂದಿದೆ.

ನಮ್ಮ ಕಡೆ ಗಾಡಿಯೆಂದರೆ ಗಾಡಿಯ ಯಜಮಾನನೊಬ್ಬನದೇ ಅಲ್ಲ. "ಯಾ ಕಡೆ ಹೊಂಟೀರಿ?" ಎಂದು ಯಾರಾದರೂ ಕೇಳಿದರೆ ಅದು ವಿಚಾರಣೆಯಲ್ಲ, ಅವರು ಹತ್ತುತ್ತಿದ್ದಾರೆ ಎಂಬ ತಿಳುವಳಿಕೆ. ಹಿಂದಿನ ವ್ಯಾನಿನಲ್ಲಿ ಊರಿನ ಅರ್ಧ ಜನ ಹುನಗುಂದ ನೋಡಿಕೊಂಡು ಬಂದಿದ್ದಾರೆ. ಈಗ ನನ್ನ ಪಕ್ಕ ಇರುವುದು ಒಂದೇ ಸೀಟು. ಒಬ್ಬರನ್ನು ಹತ್ತಿಸಿಕೊಂಡರೆ ಉಳಿದ ನಾಲ್ವರ ಜೊತೆ ಮಾತು ಬಿಡಬೇಕಾಗುತ್ತದೆ. ಹೀಗಾಗಿ ಅದರ ಮೇಲೆ ನಾನು ಸೀರೆಯ ಗಂಟು ಇಟ್ಟುಕೊಂಡು ಓಡಾಡತೊಡಗಿದೆ. ಗಂಟಿನ ಜೊತೆ ಯಾರೂ ಜಗಳ ತೆಗೆಯುವುದಿಲ್ಲ.

ಜಗಳ ತೆಗೆಯಲಿಲ್ಲ ಎಂದರೆ ನನ್ನ ಹೆಂಡತಿ ಗಿರಿಜೆಯೂ ತೆಗೆಯಲಿಲ್ಲ. ಅವಳು ಜಗಳವಾಡುವವಳಲ್ಲ, ಪ್ರಶ್ನೆ ಕೇಳುವವಳು. ಗಾಡಿ ಬಂದ ದಿನ ಅದನ್ನು ಒಂದು ಸುತ್ತು ನೋಡಿ, "ಹಳೇ ಬಾಗಲಕೋಟಿ ಡ್ಯಾಮಿನ ನೀರಾಗ ಹೋಗೋ ಮುಂದ ನಮ್ಮ ಮಾವನೋರು ಇಡೀ ಅಂಗಡಿ ಗಾಡ್ಯಾಗ ಹೇರ್ಕೊಂಡು ನವನಗರಕ್ಕ ಬಂದ್ರು. ಈ ಗಾಡ್ಯಾಗ ಒಂದು ಛತ್ರಿ ಹಿಡಿತೈತೇನ್ರಿ?" ಎಂದಳು. ಛತ್ರಿ ಹಿಡಿಯುತ್ತದೆ, ಓರೆಯಾಗಿ ಇಟ್ಟರೆ, ಎಂದೆ. ಅವಳು ತಲೆಯಾಡಿಸಿದಳು. ಆ ತಲೆಯಾಡಿಸುವಿಕೆಯ ಅರ್ಥ ನನಗೆ ಗೊತ್ತಾದದ್ದು ಬದಾಮಿಯಲ್ಲಿರುವ ನಮ್ಮ ಮಗಳು ಸುಜಾತೆಯ ಕುಬಸ ಗೊತ್ತಾದಾಗ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಬುತ್ತಿ ಒಯ್ದು ಉಣಿಸುವ ಕಾರ್ಯ ಅದು. ಬುತ್ತಿಯೆಂದರೆ ಡಬ್ಬಿಯ ಊಟವಲ್ಲ. ಬೀಗರ ಓಣಿಯೆಲ್ಲ ಬಂದು ಮುಚ್ಚಳ ಸರಿಸಿ ನೋಡುವ ಬುಟ್ಟಿ.

"ಇದ ಗಾಡ್ಯಾಗ ಬುತ್ತಿ ಹೋಗ್ಲಿ," ಎಂದಳು ಗಿರಿಜೆ. "ಒಂದು ರೊಟ್ಟಿನೂ ಮುರೀದಂಗ ಬೀಗರ ಮನಿ ಮುಟ್ಟಿತಂದ್ರ ಗಾಡಿ ಇರ್ಲಿ, ನಾ ಮುಂದ ಒಂದು ಮಾತು ಆಡೂದಿಲ್ಲ. ಮುರೀತಂದ್ರ ಮಾರ್ರಿ. ಹಿಂದ ನಾಕು ಮಂದಿ ಕೂಡೂವಂಥಾದು ತರ್ರಿ."

"ಮುರದದ್ದು ರೊಟ್ಟಿ ಅಲ್ಲೇನು? ಹೆಂಗೂ ಮುರದ ತಿಂತಾರ," ಎಂದು ನಾನು ವಾದ ಹೂಡಿದೆ.

"ತಿನ್ನಾವ್ರು ಮುರೀತಾರ. ತರಾವ್ರು ಮುರೀಬಾರ್ದು."

ಮೇಲ್ಮನವಿಗೆ ಅವಕಾಶವಿರಲಿಲ್ಲ. ಜೋಳದ ಖಡಕ್ ರೊಟ್ಟಿಯನ್ನು ಬಲ್ಲವರಿಗೆ ನನ್ನ ಕಷ್ಟ ತಿಳಿದೀತು. ಅದು ಹಪ್ಪಳದ ಅಣ್ಣ. ಜೋರಾಗಿ ಸೀನಿದರೂ ಬಿರುಕು ಬಿಡುತ್ತದೆ. ನನ್ನ ಗಾಡಿಯೋ, ರಸ್ತೆಯ ಮೇಲೆ ಒಂದು ಕಡ್ಡಿ ಬಿದ್ದಿದ್ದರೂ ಅದರ ಉದ್ದಗಲವನ್ನು ಸೀಟಿನ ಮೂಲಕ ತಿಳಿಸುವಷ್ಟು ಪ್ರಾಮಾಣಿಕ.

ಕುಬಸದ ಬೆಳಿಗ್ಗೆ ನೆಂಟರೆಲ್ಲ ಒಂದು ಟಂಟಂ ಆಟೋ ಮಾಡಿಕೊಂಡು ಗುಳೇದಗುಡ್ಡದ ದಾರಿಯಿಂದ ಹೊರಡಲು ಹತ್ತಿ ಕೂತರು; ಗಿರಿಜೆಯೂ ಅವರ ಜೊತೆ. ಬುಟ್ಟಿಯನ್ನು ಡಿಕ್ಕಿಯಲ್ಲಿಡೋಣವೆಂದರೆ ಮುಚ್ಚಳ ಹಾಕಿಕೊಳ್ಳಲಿಲ್ಲ. ಪಕ್ಕದ ಸೀಟಿನ ಮುಂದೆ ಕೆಳಗಿಡಹೋದೆ. "ಕಾಲಿಡೂ ಜಾಗಾದಾಗ ಬುತ್ತಿ ಇಡ್ತಾರೇನ್ರಿ?" ಎಂದು ಟಂಟಂನೊಳಗಿಂದ ಏಳೆಂಟು ಹೆಂಗಸರು ಒಂದೇ ಸ್ವರದಲ್ಲಿ ಕೇಳಿದರು. ಕಡೆಗೆ ಬುತ್ತಿ ಸೀಟಿನ ಮೇಲೆಯೇ ಕೂತಿತು. ಕೂತದ್ದು ಮನುಷ್ಯರೆಂದು ತಿಳಿದು ಗಾಡಿ ಕುಂಯ್ ಕುಂಯ್ ಎಂದು ಅರಚತೊಡಗಿತು. ಬೆಲ್ಟು ಹಾಕಿದ ಮೇಲೆ ಸುಮ್ಮನಾಯಿತು. ಬಿಳಿ ವಸ್ತ್ರ ಹೊದ್ದು, ಎದೆಯ ಮೇಲೆ ಬೆಲ್ಟು ಧರಿಸಿ ಕೂತ ಆ ಬುಟ್ಟಿಯಷ್ಟು ಘನವಾದ ಪ್ರಯಾಣಿಕರು ನನ್ನ ಪಕ್ಕ ಹಿಂದೆಂದೂ ಕೂತಿರಲಿಲ್ಲ.

ಗುಳೇದಗುಡ್ಡದ ಕಡೆ ಹಂಪುಗಳು ಬಹಳ. ನಾನು ಹೆದ್ದಾರಿ ಹಿಡಿದು ಕೆರೂರು ದಾಟಿ, ಕುಳಗೇರಿ ಕ್ರಾಸಿನವರೆಗೆ ಸುತ್ತು ಹಾಕಿ ಹೋದೆ. ದೂರವಾದರೂ ನುಣುಪು. ಛಾವಣಿ ತೆಗೆದಿದ್ದೆ, ಎಳೆ ಬಿಸಿಲು, ಎರಡೂ ಕಡೆ ಜೋಳ ಆಳೆತ್ತರ ನಿಂತಿತ್ತು. ಇಂಜಿನ್ನು ತನ್ನಷ್ಟಕ್ಕೆ ತಾನೇ ತಾಂಬೂಲ ಹಾಕಿಕೊಂಡು ಗುನುಗುವ ಗೃಹಸ್ಥನಂತೆ ಸದ್ದು ಮಾಡುತ್ತಿತ್ತು. ಇಂಥ ಗಾಡಿಯನ್ನು ಮಾರುವ ಮಾತಾಡುವವರಿಗೆ ಕಿವಿ ಇಲ್ಲವೆಂದೇ ಅರ್ಥ ಎಂದು ಬುತ್ತಿಗೆ ಹೇಳಿದೆ. ಕ್ರಾಸಿನಲ್ಲಿ ಬದಾಮಿಯ ಕಡೆ ಹೊರಳಿ ಸ್ವಲ್ಪ ದೂರ ಹೋದೆನೋ ಇಲ್ಲವೋ, ರಸ್ತೆಯ ಅಡ್ಡಗಲಕ್ಕೆ ಹುರುಳಿ ಹರಡಿತ್ತು.

ಇದು ನಮ್ಮ ಕಡೆಯ ಒಕ್ಕಣೆ. ಕಣ ಮಾಡುವ ಕಷ್ಟವೇಕೆ, ಸರಕಾರ ಡಾಂಬರು ಹಾಕಿದೆ, ಜನ ಗಾಡಿ ಓಡಿಸುತ್ತಾರೆ. ಬಳ್ಳಿಯನ್ನು ರಸ್ತೆಗೆ ಹರವಿದರೆ ಚಕ್ರಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ. ಲಾರಿ, ಬಸ್ಸು, ಟ್ರ್ಯಾಕ್ಟರು ಎಲ್ಲರೂ ಈ ಸೇವೆಯನ್ನು ತಲೆತಲಾಂತರದಿಂದ ಮಾಡಿದ್ದಾರೆ. ನಾನೂ ವ್ಯಾನಿನಲ್ಲಿ ಮಾಡಿದ್ದೇನೆ. ಅದೇ ಅಭ್ಯಾಸದಲ್ಲಿ ನುಗ್ಗಿಸಿದೆ. ನನ್ನ ಗಾಡಿಗೆ ಹೊಟ್ಟೆ ಕೆಳಗಿದೆ ಎಂಬುದು ಹುರುಳಿಗೆ ಗೊತ್ತಾದಷ್ಟು ಬೇಗ ನನಗೆ ಗೊತ್ತಾಗಲಿಲ್ಲ. ಗಾಡಿ ಬಳ್ಳಿಯನ್ನು ತುಳಿಯಲಿಲ್ಲ, ಒತ್ತಿಕೊಂಡು ಹೊರಟಿತು. ಹತ್ತು ಮಾರು ಹೋಗುವಷ್ಟರಲ್ಲಿ ಕೆಳಗೆ ಒಂದು ಬಣವೆಯಾಗಿ, ಅದರ ಮೇಲೆ ಕಾವಿಗೆ ಕೂತ ಕೋಳಿಯಂತೆ ಕೂತುಬಿಟ್ಟಿತು. ಹಿಂದಿನ ಚಕ್ರಗಳು ಗಾಳಿಯಲ್ಲಿ ತಿರುಗಿದವು.

ಬೇವಿನ ಮರದ ಕೆಳಗಿಂದ ಗಂಡಹೆಂಡತಿ ಇಬ್ಬರು ಎದ್ದು ಬಂದರು. ಹುರುಳಿಯ ಯಜಮಾನರು, ಯಮನಪ್ಪ ಮತ್ತು ಶಾಂತವ್ವ.

"ಒಕ್ಕಾಕ ಹಾಕಿದ್ವಿ, ಬಣವಿ ಒಟ್ಟಾಕಲ್ರಿ," ಎಂದ ಯಮನಪ್ಪ, ಕೋಪವಿಲ್ಲದೆ.

"ಗಾಡಿ ತಗ್ಗ ಐತಿ," ಎಂದೆ.

"ಗಾಡಿ ತಗ್ಗ ಇಲ್ಲ, ನಿಮ್ಮ ಲಕ್ಷ್ಯ ಮ್ಯಾಲ ಐತಿ," ಎಂದಳು ಶಾಂತವ್ವ. ಆಮೇಲೆ ಅವಳ ಕಣ್ಣು ಸೀಟಿನ ಮೇಲೆ ಬಿತ್ತು. "ಇದೇನು, ಬುತ್ತಿಗೆ ಯಾಕ ಪಟ್ಟಾ ಬಿಗದೀರಿ?"

ಕುಬಸದ್ದು ಎಂದೆ. ಅವಳು ಕೂಡಲೇ ಕೊಡದ ನೀರಿನಲ್ಲಿ ಕೈ ತೊಳೆದು, ಬೆಲ್ಟು ಬಿಚ್ಚಿಸಿ, ಬುಟ್ಟಿಯನ್ನು ಎತ್ತಿ ಎದೆಗೆ ಹಿಡಿದುಕೊಂಡಳು. ನೆಲಕ್ಕಿಡುವಂತಿಲ್ಲ. ಯಮನಪ್ಪನೂ ನಾನೂ ಕೊಕ್ಕೆ ಹಾಕಿ ಬಳ್ಳಿ ಜಗ್ಗಿ ಮುಗಿಸುವವರೆಗೆ ಹಾಗೆಯೇ ನಿಂತಿದ್ದಳು. ಇಂಜಿನ್ನಿನ ಬಿಸಿ ತಗಲಿ ಹೊಟ್ಟು ಸೀದ ವಾಸನೆ ಹಿಡಿದಿತ್ತು. ಗಾಡಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಅದು ಹೊರಗೆ ಬಂದು ಒಂದೇ ಗುಟುಕಿಗೆ ಗುರ್ರೆಂದಾಗ ಯಮನಪ್ಪನೇ, "ಭಾಳ ಗಟ್ಟಿ ಐತಲ್ಲೋ ಮಾರಾಯಾ," ಎಂದು ಅದರ ಬೆನ್ನು ಚಪ್ಪರಿಸಿದ. ಬುಟ್ಟಿಗಾಗಿ ಕೈ ನೀಡಿದೆ. ಶಾಂತವ್ವ ಕೊಡಲಿಲ್ಲ.

"ಗಂಡಸು ಒಬ್ಬ ಬುತ್ತಿ ಹಿಡಕೊಂಡು ಬೀಗರ ಬಾಗಲಾಗ ನಿಂತ್ರ ಏನಂದಾರ್ರಿ? ಮನ್ಯಾಗ ಹೆಣ್ಮಕ್ಕಳ ಇಲ್ಲೇನಂದಾರು. ನಾ ಬರ್ತೇನಿ, ಹಿಡಕೊಂಡು ಕೂಡ್ತೇನಿ."

"ನಾನೂ ಬರ್ಲ್ಯಾ?" ಎಂದ ಯಮನಪ್ಪ.

"ಎರಡ ಸೀಟ ಅದಾವ. ನಿನಗ ಹುಳ್ಳಿ ಐತಿ."

ಹೀಗೆ ಶಾಂತವ್ವ ಬುತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು, ತಲೆಯ ತುಂಬ ಹುರುಳಿಯ ಹೊಟ್ಟು ಮುಡಿದು ಬದಾಮಿಗೆ ಹೊರಟಳು. ಹಂಪು ಬಂದಾಗ ಇಡೀ ಬುಟ್ಟಿಯನ್ನು ಮೇಲೆತ್ತಿ ಹಿಡಿಯುವಳು, ಇಳಿದ ಮೇಲೆ ಮೆಲ್ಲಗೆ ಇಡುವಳು. "ಇನ್ನೊಂಚೂರು ಜೋರ ಹೋಗ್ರಿ, ನಮ್ಮ ಓಣ್ಯಾಗಿನ ನೀಲವ್ವ ಬಸ್ಸಿನ್ಯಾಗ ಹೋಗಾಕತ್ತಾಳ, ಆಕಿಗೆ ಕಾಣಬೇಕು," ಎಂದಳು. ನೀಲವ್ವನಿಗೆ ಕಂಡಿತು. ಬಸ್ಸಿನವರೆಲ್ಲ ಒಂದು ಕಡೆಗೆ ಬಾಗಿ ನೋಡಿದರು.

ಬೀಗರ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಶಾಂತವ್ವನನ್ನು ನಮ್ಮ ಹಿರಿಯ ನೆಂಟಳೆಂದೇ ತಿಳಿದು ಬೀಗತಿ ಅವಳ ಕಾಲಿಗೆ ನೀರು ಹಾಕಿ, ಬುತ್ತಿ ಇಳಿಸಿಕೊಂಡರು. ಆಮೇಲೆ ಬಾಗಿ, ಇನ್ನೂ ಗಾಡಿಯೊಳಗೇ ಇದ್ದ ನನ್ನನ್ನು ನೋಡಿ, "ಬೀಗರ, ನಿಮ್ಮನ್ನೂ ಇಳಿಸ್ಕೊಬೇಕೇನ್ರಿ?" ಎಂದರು. ಅಳಿಯ ಬಂದು ಜಗ್ಗಿದ. ಅಷ್ಟರಲ್ಲಿ ದಾರಿಯುದ್ದಕ್ಕೂ ನಿಂತು ನಿಂತು ಟಂಟಂ ಬಂತು. ಗಿರಿಜೆ ಇಳಿದವಳೇ ನೇರ ಬುಟ್ಟಿಗೆ ಹೋಗಿ, ವಸ್ತ್ರ ಸರಿಸಿ, ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಕೆಳಗಿನ ರೊಟ್ಟಿಯವರೆಗೂ ಒಂದೂ ಮುರಿದಿರಲಿಲ್ಲ, ಹುಣ್ಣಿಮೆಗಳ ಸಾಲು.

"ನೋಡಿದೆಲ್ಲ? ಗಾಡಿ ಅಂದ್ರ ಹಿಂಗಿರಬೇಕು," ಎಂದೆ.

"ಗಾಡಿ ಏನ ಹಿಡೀಲಿಲ್ರಿ ಅಕ್ಕಾರ, ನನ್ನ ತೊಡಿ ಹಿಡದೈತಿ," ಎಂದು ಶಾಂತವ್ವ ಎಲ್ಲರಿಗೂ ಕೇಳುವಂತೆ ಹೇಳಿ, ಹುರುಳಿಯ ಕಥೆಯನ್ನು ನಾನು ಇಲ್ಲಿ ಬರೆದದ್ದಕ್ಕಿಂತ ಚೆನ್ನಾಗಿ ಹೇಳಿದಳು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರು. ಮಗಳೂ ನಕ್ಕಳು, ಬಸುರಿ ನಗಬೇಕು, ಒಳ್ಳೆಯದು ಎಂದು ನಾನು ಸಮಾಧಾನಪಟ್ಟುಕೊಂಡೆ. ಗಿರಿಜೆ ಮಾತ್ರ ನಗದೆ ಯೋಚಿಸುತ್ತಿದ್ದಳು. ಗಾಡಿ ಹೋಯಿತು ಎಂದುಕೊಂಡೆ.

ಊಟವಾಯಿತು. ಶಾಂತವ್ವನಿಗೆ ಉಡಿ ತುಂಬಿದರು, ಹಸಿರು ರವಿಕೆ ಬಟ್ಟೆ ಕೊಟ್ಟರು. ಉಡಿ ತುಂಬಿಸಿಕೊಂಡವಳನ್ನು ಬಸ್ಸಿಗೆ ಕಳಿಸುವುದು ಪದ್ಧತಿಯಲ್ಲ. ಹೆಣ್ಣುಮಕ್ಕಳೇ ಜೊತೆಗೆ ಹೋಗಿ ಮನೆ ಮುಟ್ಟಿಸಬೇಕು. ಗಿರಿಜೆ ನನ್ನ ಮುಂದೆ ಬಂದು ಅಂಗೈ ಚಾಚಿದಳು. "ಕೀಲಿ ಕೊಡ್ರಿ. ರೊಟ್ಟಿ ಮುರದಿಲ್ಲ, ಮಾತು ಅಂದ್ರ ಮಾತು. ಗಾಡಿ ಇರ್ಲಿ. ಆಕೀನ್ನ ನಾ ಬಿಟ್ಟು ಬರ್ತೇನಿ." ಅಂಗಡಿಯ ವ್ಯಾನನ್ನು ನನಗಿಂತ ಹೆಚ್ಚು ವರ್ಷ ನಡೆಸಿದವಳು ಅವಳು, ಇಲ್ಲವೆನ್ನಲು ನನ್ನ ಹತ್ತಿರ ಕಾರಣವಿರಲಿಲ್ಲ. ಅವಳು ಒಳಗೆ ಕೂತ ರೀತಿ ನೋಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಮ್ಮೆ ಓರೆಯಾಗಿ, ನೀರಿಗೆ ಇಳಿದಂತೆ ಇಳಿದಳು. ಯಾರೂ ಕೈ ಹಿಡಿಯಬೇಕಾಗಲಿಲ್ಲ.

ನಾನು ಟಂಟಂ ಹತ್ತಿದೆ. ಗುಳೇದಗುಡ್ಡದಲ್ಲಿ ಯಾರಿಗೋ ರವಿಕೆಯ ಕಣ ಕೊಳ್ಳುವುದಿತ್ತು, ಯಾರಿಗೋ ಚಹಾ ಬೇಕಿತ್ತು. ಊರು ಹತ್ತಿರವಾದಾಗ ಹಿಂದಿನಿಂದ ಹಳದಿಯದೊಂದು ಹೊಳಪು ಬಂದು, ನಮ್ಮ ಪಕ್ಕ ಹಾದು, ತಿರುವಿನಲ್ಲಿ ಸ್ವಲ್ಪವೇ ವಾಲಿ ಮುಂದೆ ಹೋಯಿತು. ಗಿರಿಜೆಯ ಕೂದಲು ಹಾರುತ್ತಿತ್ತು. ನನ್ನ ಗಾಡಿ ಓಡುವುದನ್ನು ನಾನು ಕಂಡದ್ದು ಅಂದೇ ಮೊದಲು. ಒಳಗೆ ಕೂತವನಿಗೆ ಪಕ್ಕದ ಟ್ರ್ಯಾಕ್ಟರಿನ ಚಕ್ರಗಳು ಕಾಣುತ್ತವೆಯೇ ಹೊರತು ಗಾಡಿ ಕಾಣುವುದಿಲ್ಲ. ಇಷ್ಟು ಚೆಲುವಾಗಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೊಸದಾಗಿ ಕೊಳ್ಳಬೇಕೆನ್ನುವಷ್ಟು ಆಸೆಯಾಯಿತು.

ಪಕ್ಕದಲ್ಲಿ ಗಿರಿಜೆಯ ದೊಡ್ಡಪ್ಪ ಕೂತಿದ್ದರು. ಧೂಳು ಕಡಿಮೆಯಾದ ಮೇಲೆ ಕೇಳಿದರು: "ಗಾಡಿ ಮಾರ್ತೀರಂತ ಕೇಳಿದ್ದೆ. ಉಳೀತೇನ್ರಿ?"

"ಉಳೀತ್ರಿ," ಎಂದೆ. "ನನ್ನ ಸೀಟ ಹೋತು."